ಕೊಳ್ಳುವವನೂ ಅವನೇ, ಮಾರುವವನೂ ಅವನೇ



ಎಲೆಕೋಸು ಕಡಿಯುವ ಕಾಲಕ್ಕೆ ನಮ್ಮ ತಾಳಮಲೆ ಸೀಮೆಯ ರೈತನಿಗೆ ಒಂದೇ ಚಿಂತೆ: ಇಂದು ಕೊಳ್ಳುವವರು ಯಾರು? ಸತ್ಯಮಂಗಲದ ಕಡೆಗೆ ಸಾಗಿಸಬೇಕಾದರೆ ದಿಂಬಂ ಘಟ್ಟದ 27 ತಿರುವು ಇಳಿಯಬೇಕು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ರೈತರು ಪ್ರತಿಭಟಿಸಿದ್ದು ಸುಮ್ಮನೆ ಅಲ್ಲ. ಕಡಿದ ಕೋಸು ಕಾಯುವುದಿಲ್ಲ. ಹೊಲಕ್ಕೇ ಬಂದು, ಸ್ವಂತ ಹಣ ಕೊಟ್ಟು ಲಾರಿ ತುಂಬಿಕೊಂಡು ಹೋಗುವ ವ್ಯಾಪಾರಿಯನ್ನು ನಾವು ಬೈಯುತ್ತೇವೆ. ಅವನು ಬಾರದ ದಿನ ಇನ್ನೂ ಹೆಚ್ಚು ಬೈಯುತ್ತೇವೆ!

ಷೇರು ಪೇಟೆಯಲ್ಲೂ ಇಂಥವನೊಬ್ಬನಿದ್ದಾನೆ. ಹೆಸರು ಮಾರ್ಕೆಟ್ ಮೇಕರ್. ಕಮಿಷನ್ ಪಡೆದು ಸುಮ್ಮನಾಗುವ ದಲ್ಲಾಳಿಯಲ್ಲ ಈತ. ತನ್ನ ಹಣದಿಂದಲೇ ಕೊಂಡು ತಾನೇ ಮಾರುವವನು. ಒಂದು ಷೇರನ್ನು 98 ರೂಪಾಯಿಗೆ ಕೊಳ್ಳುತ್ತೇನೆ, 102ಕ್ಕೆ ಮಾರುತ್ತೇನೆ ಎಂದು ಎರಡೂ ದರ ಹೇಳುತ್ತಾನೆ ಎನ್ನೋಣ. ನಡುವಿನ 4 ರೂಪಾಯಿ ಅವನ ಕೂಲಿ. ಕೊಂಡದ್ದನ್ನು ಮಾರುವ ಮೊದಲೇ ಬೆಲೆ ಬಿದ್ದರೆ ನಷ್ಟವೂ ಅವನದೇ. ಹಿಂದೆ ಮುಂಬಯಿ ಪೇಟೆಯಲ್ಲಿ ಜಾಬರ್‌ಗಳು ಇದೇ ಕೆಲಸ ಮಾಡುತ್ತಿದ್ದರು. ಇಂದು ದೊಡ್ಡ ಕಂಪನಿಗಳ ಷೇರುಗಳಿಗೆ ಕೊಳ್ಳುವವರು ಬೇಕಾದಷ್ಟು ಜನ. ಗಣಕಯಂತ್ರವೇ ಇಬ್ಬರನ್ನೂ ಜೋಡಿಸುತ್ತದೆ.

ಚಿಕ್ಕ ಕಂಪನಿಗಳ ಪಾಡು ಹಾಗಲ್ಲ. ಅವುಗಳಿಗಾಗಿ 2012ರಲ್ಲಿ ಬಿಎಸ್‌ಇ, ಎನ್‌ಎಸ್‌ಇ ಎರಡೂ ಎಸ್‌ಎಂಇ ಎಂಬ ಪ್ರತ್ಯೇಕ ಕಟ್ಟೆ ತೆರೆದವು. ಅಲ್ಲಿಗೆ ಬರುವ ಕಂಪನಿಗೆ ಕನಿಷ್ಠ 3 ವರ್ಷ ಮಾರ್ಕೆಟ್ ಮೇಕರ್ ಇರಲೇಬೇಕು, ವಹಿವಾಟಿನ ದಿನದ ಶೇ. 75ರಷ್ಟು ಹೊತ್ತು ಆತ ಎರಡೂ ದರ ಕೊಡುತ್ತಿರಬೇಕು ಎಂಬುದು ಸೆಬಿಯ ನಿಯಮ.

"ಹಾಗಾದರೆ ಭಯವಿಲ್ಲ, ಸ್ವಾಮಿ" ಎನ್ನುವವರಿದ್ದಾರೆ. ಸ್ವಲ್ಪ ತಾಳಿ. ಆತ ದರ ಹೇಳಬೇಕು ನಿಜ, ನೀವು ಕೊಟ್ಟ ಬೆಲೆಯನ್ನೇ ಹೇಳಬೇಕೆಂದಿಲ್ಲ. ಎಲ್ಲರೂ ಒಮ್ಮೆಗೇ ಮಾರಲು ನುಗ್ಗಿ, ಅವನ ಬಳಿ ನಿಗದಿತ ಮಿತಿ ಮೀರಿ ಷೇರು ಸೇರಿತೋ, ಕೊಳ್ಳುವ ದರ ಕೊಡದಿರಲು ಅವನಿಗೆ ವಿನಾಯಿತಿಯೂ ಉಂಟು. ಅಂದರೆ ನಮಗೆ ಅವನು ತೀರಾ ಬೇಕಾದ ದಿನವೇ ಬಾಗಿಲು ಮುಚ್ಚಬಹುದು. ಇನ್ನೊಂದು ತೊಡಕು: ಇಲ್ಲಿ ಷೇರುಗಳು ಲಾಟ್ ಲೆಕ್ಕದಲ್ಲಿ ಮಾರಾಟ. ಆಸ್ಪತ್ರೆ ಖರ್ಚಿಗೆಂದು ಹತ್ತೇ ಷೇರು ಮಾರಿಕೊಳ್ಳೋಣ ಎಂದರೆ ಆಗುವುದಿಲ್ಲ.

ಮೊಬೈಲಿನಲ್ಲಿ ಯಾರೋ ಕಳಿಸಿದ ಸಲಹೆ ನಂಬಿ ಮಗಳ ಮದುವೆಯ ಹಣ ಹಾಕಲು ಹೊರಟವರು ಕಂಪನಿಯ ಪ್ರಾಸ್ಪೆಕ್ಟಸ್ ತೆರೆದು ನೋಡಿ. ಮಾರ್ಕೆಟ್ ಮೇಕರ್ ಯಾರು, ಎಷ್ಟು ಷೇರು ಸೇರಿದರೆ ಆತ ಕೊಳ್ಳುವುದನ್ನು ನಿಲ್ಲಿಸಬಹುದು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. 3 ವರ್ಷದ ಲೆಕ್ಕ ಶುರುವಾಗುವುದು ಷೇರು ಪೇಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ.