ಗೇಟು ಮುರಿಯುವ ಮುನ್ನ: ತುಂಗಭದ್ರಾ ಅಚ್ಚುಕಟ್ಟು ರೈತರ ಹಕ್ಕೊತ್ತಾಯ ಪತ್ರ

ಅಣೆಕಟ್ಟೆಯ ನಿರ್ವಹಣೆ ಹಾಗೂ ಗೇಟು ಕಾಮಗಾರಿಗಳ ಹೊಣೆ ಹೊತ್ತವರಿಗೆ,

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯಲ್ಲಿ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಬೆಳೆಗೆಂದು ತುಂಬಿದ್ದ ನೀರು ನದಿಪಾಲಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆಗೇಟು) ಇಳಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರಿಗೂ ಕಾರ್ಮಿಕರಿಗೂ ನಾವು ಋಣಿ. ಅಂಥ ಸಾಹಸ ಬೇಕಾಗಿ ಬಂದದ್ದೇ ನಮ್ಮ ದೂರು. ಆದ್ದರಿಂದ:

1. ಅಣೆಕಟ್ಟೆಗೂ ಕಾಮಗಾರಿಗೂ ಇರುವ ಅಪಾಯಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ. ಪ್ರತಿ ಅಪಾಯದ ಎದುರು ಹೊಣೆಗಾರ ಅಧಿಕಾರಿಯ ಹುದ್ದೆ, ಗಡುವು, ಹಣ ಮೂರೂ ಇರಲಿ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಸಾಲನ್ನು ನಾವು ಉತ್ತರವೆಂದು ಒಪ್ಪುವುದಿಲ್ಲ.

2. ಪಟ್ಟಿಯ ಪ್ರತಿ ಅಪಾಯವನ್ನು ತಪ್ಪಿಸುತ್ತೀರಾ, ತಗ್ಗಿಸುತ್ತೀರಾ, ವಿಮೆಗೋ ಗುತ್ತಿಗೆದಾರನಿಗೋ ವರ್ಗಾಯಿಸುತ್ತೀರಾ, ಇಲ್ಲ ಸಹಿಸಿಕೊಳ್ಳುತ್ತೀರಾ? ಸಹಿಸುವುದಾದರೆ ಸಹಿಸಬೇಕಾದವರು ಯಾರು ಎಂದೂ ಬರೆಯಿರಿ. ಬರೆಯದೆ ಬಿಟ್ಟರೆ ಅದು ಕಾಲುವೆಯ ಕೊನೆ ಭಾಗದ ರೈತನ ತಲೆಗೇ ಬರುತ್ತದೆ.

3. ಗೇಟು ಹೋದಾಗ ಅಳತೆಗೆ ಹೊಂದುವ ಸ್ಟಾಪ್‌ಲಾಗ್ ಸಿದ್ಧವಿರಲಿಲ್ಲ. ಸುತ್ತಲಿನ ಕಾರ್ಖಾನೆಗಳಲ್ಲಿ ಹಗಲಿರುಳು ಬೆಸುಗೆ ಹಾಕಿಸಿ ತರಬೇಕಾಯಿತು. ಸ್ಟಾಪ್‌ಲಾಗ್, ಕ್ರೇನ್, ತರಬೇತಿ ಪಡೆದ ತಂಡ ಅಣೆಕಟ್ಟೆಯ ಬಳಿಯೇ ಇರಲಿ. ಪ್ರತಿ ಬೇಸಿಗೆಯಲ್ಲಿ ಒಮ್ಮೆ ಇಳಿಸಿ, ಎತ್ತಿ ತೋರಿಸಿ. ಗೋದಾಮಿನ ರಿಜಿಸ್ಟರಿನಲ್ಲಿ ನಮೂದಾಗಿದ್ದರೆ ಸಾಲದು.

4. ಚೈನಿನ ಸವೆತ, ತುಕ್ಕು ಎಷ್ಟಾದರೆ ಬದಲಿಸಬೇಕು ಎಂಬ ಮಿತಿಯನ್ನು ಮೊದಲೇ ಗೊತ್ತುಮಾಡಿ. ಆ ಮಿತಿ ಮುಟ್ಟಿದೊಡನೆ ಪಾಳಿಯಲ್ಲಿರುವ ಎಂಜಿನಿಯರ್ ಮೇಲಿನವರ ಫೋನಿಗೆ ಕಾಯದೆ ಕ್ರಮ ಕೈಗೊಳ್ಳುವ ಅಧಿಕಾರ ಹೊಂದಿರಲಿ.

5. ದುರಸ್ತಿಯೂ ಅಪಾಯ ತರುತ್ತದೆ. ಅದಕ್ಕಾಗಿ ಜಲಾಶಯ ಬರಿದು ಮಾಡಿದರೆ ಗಂಗಾವತಿ, ಸಿಂಧನೂರು ಕಡೆ ಎರಡನೇ ಬೆಳೆಯ ಭತ್ತಕ್ಕೆ ನೀರಿಲ್ಲ. ಸಸಿಮಡಿ ಹಾಕುವ ಮೊದಲೇ ತಿಳಿಸಿ. ಬೆಳೆನಷ್ಟವನ್ನು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಸೇರಿಸಿ. ಗದ್ದೆಯನ್ನು ಲೀಜಿಗೆ ಮಾಡಿದವರಿಗೂ ನಾಟಿ ಕೂಲಿಗಳಿಗೂ ಪರಿಹಾರ ಸಿಗಲಿ. ಪಹಣಿಯಲ್ಲಿ ಹೆಸರಿಲ್ಲವೆಂದು ಅವರನ್ನು ಕೈಬಿಡಬೇಡಿ.

6. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಂತೆ ತುರ್ತು ಕ್ರಿಯಾ ಯೋಜನೆ ಕಡ್ಡಾಯ. ಅದರ ಪ್ರತಿ ಕಂಪ್ಲಿ, ಆನೆಗೊಂದಿ ಸೇರಿದಂತೆ ನದಿದಂಡೆಯ ಪ್ರತಿ ಸ್ಥಳೀಯ ಸಂಸ್ಥೆಗೂ ತಲುಪಲಿ. ಸೈರನ್ ಕೇಳದ ಊರುಗಳಲ್ಲಿ ಡಂಗುರವಾದರೂ ಇರಲಿ.

7. ತುರ್ತು ನಿಧಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಲಿ. ಬೇರೆ ಕೆಲಸಕ್ಕೆ ಮುಟ್ಟಬೇಡಿ.

8. ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಗೆ ಮುನ್ನ, ಮೇಲಿನ ಒಂದೊಂದಕ್ಕೂ ಲಿಖಿತ ಉತ್ತರ ಕೊಡಿ.

ಇಂತಿ,
ಎಡದಂಡೆ, ಬಲದಂಡೆ ಕಾಲುವೆಗಳ ಅಚ್ಚುಕಟ್ಟು ರೈತರು