ಟಿಕೆಟ್ ಕೊಂಡವರೇ ಬಸ್ ತಳ್ಳಬೇಕೆ?

ಬೆಳಗಿನ ಮೊದಲ ಟ್ರಿಪ್ಪು. ಡ್ರೈವರ್ ಕೀಲಿ ತಿರುಗಿಸಿದರೆ ‘ಕಟಕಟ’ ಅಂದು ಸುಮ್ಮನಾಗುತ್ತೆ. ‘ಇಳೀರಿ ಸ್ವಾಮಿ, ಒಂಚೂರು ತಳ್ಳಿ’ ಅಂತಾನೆ ಕಂಡಕ್ಟರ್. ಅಂಗಡಿ ಬಾಗಿಲು ತೆಗೆಯಬೇಕಾದವರು, ಕೋರ್ಟಿಗೆ ಹೊರಟವರು ಎಲ್ಲ ಸೇರಿ ಐಲೇಸಾ ಹಾಕಬೇಕು. ಕೇಳಿದರೆ ‘ಬ್ಯಾಟರಿ ವೀಕು’ ಎಂಬ ಸಿದ್ಧ ಉತ್ತರ.

ಪಾಪವೆಲ್ಲ ಬ್ಯಾಟರಿಯದ್ದೇ ಅಲ್ಲ. ದೊಡ್ಡ ಬಸ್ಸಿನಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ. ಅದನ್ನು ಹೊರುವ ದಪ್ಪ ಕೇಬಲ್ಲು ಒಳಗೇ ಕಿಲುಬು ಹಿಡಿದಿದ್ದರೆ, ತುದಿಯ ಲಗ್ಗು ಸಡಿಲವಾಗಿದ್ದರೆ, ಹೊಸ ಬ್ಯಾಟರಿ ತಂದಿಟ್ಟರೂ ಅಷ್ಟೇ. 300 ಆಂಪಿಯರ್ ಹರಿಯುವ ದಾರಿಯಲ್ಲಿ ಓಮಿನ ನೂರನೇ ಒಂದು ಪಾಲು ತಡೆಯಿದ್ದರೂ 3 ವೋಲ್ಟ್ ಅಲ್ಲೇ ಕರಗಿತು!

ಮಾಲೀಕರೇ, ಸ್ಟಾರ್ಟ್ ಹೊಡೆಯುವಾಗಲೇ ಕೇಬಲ್ಲಿನ ಎರಡು ತುದಿಗೆ ಮೀಟರ್ ಹಿಡಿಸಿ. ಅರ್ಧ ವೋಲ್ಟ್ ದಾಟಿದರೆ ಲಗ್ಗು ತಿಕ್ಕಿಸಿ. ಆಗಲೂ ಇಳಿಯದಿದ್ದರೆ ಕೇಬಲ್ ಬದಲಿಸಿ. 35 ಚದರ ಮಿಲಿಮೀಟರಿನ ತಾಮ್ರದ ಬದಲು 70ರದು ಹಾಕಿದರೆ ತಂತಿಯ ತಡೆ ಅರ್ಧಕ್ಕಿಳಿಯುತ್ತದೆ. ಪ್ಲಸ್ ಕೇಬಲ್ ಒಂದನ್ನೇ ಬದಲಿಸಿ ಛಾಸಿಯ ಅರ್ತ್ ಕೇಬಲ್ ಮರೆತರೆ ದುಡ್ಡು ದಂಡ. ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜುವ ಚಾಳಿ ಬಿಟ್ಟು ಸರಿಯಾಗಿ ಕ್ರಿಂಪ್ ಮಾಡಿಸಿ. ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಹೋದ ಕೇಬಲ್ಲು ಬೆಂಕಿಗೂ ದಾರಿ.

ಆರ್‌ಟಿಒ ಸಾಹೇಬರೂ ಎಫ್‌ಸಿ ಕೊಡುವ ಮುನ್ನ ಇದನ್ನೊಮ್ಮೆ ನೋಡಲಿ. ತಳ್ಳುವಾಗ ಜಾರಿ ಬಿದ್ದವನ ಕಾಲು ಮುರಿದರೆ ಹೊಣೆ ಯಾರು? ಒಂದು ಕೇಬಲ್ಲಿನ ಬೆಲೆ ಆ ಕಾಲಿಗಿಂತ ದುಬಾರಿಯೇ?