ಸಾಗವಾನಿಯನ್ನು ಸೌದೆ ಮಾಡಿದವರಿಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರೇ ಇರಲಿ, ಹಳೆಯ ಕಚೇರಿಯ ಹಿತ್ತಲಿಗೋ ಹಳೆಯ ಶಾಲೆಯ ಹಿಂಬದಿಗೋ ಹೋಗಿ ನೋಡಿ. ಜಾಲಿಗಿಡದ ಬುಡದಲ್ಲಿ ಕಾಲು ಮೇಲೆ ಮಾಡಿ ಬಿದ್ದ ಕುರ್ಚಿಗಳು. ಒಂದರ ಕೈ ಕಳಚಿದೆ, ಇನ್ನೊಂದರ ಬೆತ್ತ ಹರಿದಿದೆ. ಆಗಿರುವುದು ಅಷ್ಟೇ, ಸಾಗವಾನಿ ಮರ ಗಟ್ಟಿಯಾಗಿಯೇ ಇದೆ. ಆದರೂ ‘ನಿರುಪಯುಕ್ತ’ ಎಂದು ಬರೆದು ಯಾರೋ ಸಹಿ ಜಡಿದಿದ್ದಾರೆ. ಮಳೆ, ಬಿಸಿಲು, ಗೆದ್ದಲು ತಿಂದು ಬಿಟ್ಟಿದ್ದನ್ನು ಸೌದೆಯ ದರಕ್ಕೆ ತೂಗಿ ಕೊಡುತ್ತಾರೆ. ಆ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ನಮ್ಮ ಬಿಸಿಲಿಗೆ ಅದರ ಕಾಲು ಮುರಿಯುತ್ತದೆ, ತಿಪ್ಪೆ ಸೇರುತ್ತದೆ, ಸುಟ್ಟರೆ ಊರಿಗೆಲ್ಲ ವಿಷದ ಹೊಗೆ.

ಈ ಬರದ ಸೀಮೆಯಲ್ಲಿ ಸಾಗವಾನಿ ಕಾಡಿಲ್ಲ. ದೂರದ ಕಾಡಿನಿಂದ ಬಂದ ಮರ ಅದು. ಒಳ್ಳೆಯ ಕೆಚ್ಚು ಕಟ್ಟಲು ಅದಕ್ಕೆ ನಾಲ್ಕೈದು ದಶಕವಾದರೂ ಬೇಕು. ಕಡಿದವರ ಬೆವರು, ಕೆತ್ತಿದ ಬಡಿಗನ ದುಡಿಮೆ ಎಲ್ಲ ಸೇರಿ ಆದ ಕುರ್ಚಿಯನ್ನು ಒಂದು ಬೆಣೆ ಸಡಿಲಾಯಿತೆಂದು ಒಲೆಗೆ ಹಾಕುವ ಅಧಿಕಾರ ನಿಮಗೆ ಕೊಟ್ಟವರು ಯಾರು?

ಮನೆಗಳಲ್ಲಿ ನಡೆಯುತ್ತಿರುವುದೂ ಕಡಿಮೆಯದಲ್ಲ. ಅಲ್ಲಿ ‘ಹೊಸದು ಮಾಡುತ್ತೇವೆ’ ಎಂಬ ಹೆಸರಲ್ಲಿ ಕೊಲ್ಲುತ್ತಾರೆ. ಅಜ್ಜನ ಕುರ್ಚಿಯ ಧೂಳನ್ನೂ ಒರೆಸದೆ ಅದರ ಮೇಲೆಯೇ ದಪ್ಪ ಆಯಿಲ್ ಪೇಂಟ್ ಬಳಿಯುತ್ತಾರೆ. ಕೆತ್ತನೆಯ ಬಳ್ಳಿ, ಹೂವು ಎಲ್ಲ ಬಣ್ಣದಲ್ಲಿ ಹೂತುಹೋಗುತ್ತವೆ. ಗಾಳಿ ಆಡುವ ಬೆತ್ತದ ಹೆಣಿಕೆಯನ್ನು ಕಿತ್ತೆಸೆದು ಪ್ಲೈವುಡ್ ಹೊಡೆದು ರೆಕ್ಸಿನ್ ಬಿಗಿಯುತ್ತಾರೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ರೆಕ್ಸಿನ್ ಮೇಲೆ ಕೂತವರಿಗೆ ಗೊತ್ತು ಅದರ ಸುಖ!

ಇದೆಲ್ಲ ನಡೆಯುತ್ತಿರುವುದು ಕಿನ್ನಾಳದ ಮಗ್ಗುಲಲ್ಲಿ ಎಂಬುದೇ ನನ್ನ ಸಿಟ್ಟಿಗೆ ತುಪ್ಪ ಸುರಿಯುವುದು. ಮರಕ್ಕೆ ಬಣ್ಣ ಹಚ್ಚುವುದನ್ನು ತಲೆತಲಾಂತರದಿಂದ ಬಲ್ಲ ಚಿತ್ರಗಾರರ ಊರು ಅದು. ಹಂಪಿಯ ವಿರೂಪಾಕ್ಷನ ಗುಡಿಯ ಚಿತ್ರಗಳನ್ನು ಬರೆದವರು ಇವರ ಪೂರ್ವಿಕರೆಂಬ ಮಾತು ಇಂದಿಗೂ ಇದೆ. ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಬಟ್ಟೆಯ ಚೂರು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಮುಟ್ಟುವ ಕಸುಬು ಅವರದು. ತವರವನ್ನು ಅಂಟಿನೊಡನೆ ಅರೆದು ಹಚ್ಚಿ, ಉಜ್ಜಿ ಹೊಳಪು ತರುವ ‘ಲಾಜವರ’ ಅವರಿಗೇ ಗೊತ್ತಿದ್ದ ಗುಟ್ಟು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಭಾಷಣದಲ್ಲಿ ಹೆಸರು ಬರುತ್ತದೆ, ವೇದಿಕೆ ಮೇಲೆ ಗೊಂಬೆ ಕೊಟ್ಟು ಶಾಲು ಹೊದಿಸುತ್ತಾರೆ. ಅದೇ ವೇದಿಕೆಯ ಮೇಲೆ ಅತಿಥಿಗಳಿಗೆ ಹಾಕುವುದು ಹೊರಗಿಂದ ತಂದ ಫೋಮ್ ಕುರ್ಚಿ. ಚಿತ್ರಗಾರರ ಕೈಗೆ ಒಂದು ಹಳೆಯ ಕುರ್ಚಿಯನ್ನಾದರೂ ಕೊಟ್ಟಿದ್ದೀರಾ?

ಕೆಲಸ ಹೇಗೆ ಆಗಬೇಕೆಂಬುದು ಬಡಿಗರಿಗೆ ಗೊತ್ತು. ಮೊದಲು ಕೂಡಿಕೆ ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸ ಬೆಣೆ ಕೊಟ್ಟು, ಅಂಟು ಹಾಕಿ ಬಿಗಿದು ಒಂದು ದಿನ ಬಿಡಬೇಕು. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು, ಅದರಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳ ಮೆದುಳಿಗೆ ಕೆಡುಕು. ನೀರು ಹಾಕಿ ಒದ್ದೆ ಮಾಡಿ ಉಜ್ಜಿ, ಸಣ್ಣ ಧೂಳನ್ನೂ ತಡೆಯುವ ಮಾಸ್ಕ್ ಹಾಕಿ (ಬರೀ ಬಟ್ಟೆ ಸಾಲದು), ಮಕ್ಕಳನ್ನು ದೂರ ಕಳಿಸಿ. ಒಳ್ಳೆಯ ಸಾಗವಾನಿಗೆ ಬಣ್ಣವೇ ಬೇಡ, ಅಗಸೆ ಎಣ್ಣೆಯೋ ಅರಗಿನ ಪಾಲಿಶ್ಶೋ ಸಾಕು. ಕಳಪೆ ಮರಕ್ಕೆ ಬಣ್ಣ ಬೇಕೇ? ಹಚ್ಚಿ, ಬೇಡವೆನ್ನುವುದಿಲ್ಲ. ಮೊದಲು ಪ್ರೈಮರ್, ಆಮೇಲೆ ತೆಳುವಾಗಿ ಎರಡು ಸಲ. ಕೂರುವ ಜಾಗಕ್ಕೆ ನವಾರ ಹೆಣೆದು ಹತ್ತಿ ತುಂಬಿ ಗಟ್ಟಿ ಬಟ್ಟೆ ಬಿಗಿಯಿರಿ. ನವಲಗುಂದದ ಹಳೆಯ ಜಮಖಾನೆಯ ಹರಿಯದೆ ಉಳಿದ ಭಾಗ ಅದಕ್ಕೆ ಒಪ್ಪುತ್ತದೆ. ಆದರೆ ಹಳೆಯ ಕಿನ್ನಾಳ ಬಣ್ಣ ಎಲ್ಲಿಯಾದರೂ ಉಳಿದಿದ್ದರೆ ಕುಂಚ ಮುಟ್ಟಿಸಬೇಡಿ, ಉಜ್ಜಲೂ ಬೇಡಿ. ಚಿತ್ರಗಾರರನ್ನು ಕರೆಸಿ.

ಹರಿದ ಇಳಕಲ್ ಸೀರೆಯ ತುಂಡನ್ನೂ ಬಿಸಾಡದೆ ಕೌದಿ ಹೊಲಿದು ಮೊಮ್ಮಕ್ಕಳನ್ನು ಬೆಚ್ಚಗೆ ಮಲಗಿಸಿದ ಹೆಣ್ಣುಮಕ್ಕಳ ಜಿಲ್ಲೆ ಇದು. ಅವರ ಮಕ್ಕಳೇ ಇಂದು ಮೇಜಿನ ಹಿಂದೆ ಕೂತು ಮರವನ್ನು ಗುಜರಿಗೆ ಬರೆಯುತ್ತಿದ್ದಾರೆ. ಅನುದಾನ ಮುಗಿಸಲು ಹೊಸ ಕುರ್ಚಿ ಬೇಕು, ಹೊಸದಕ್ಕೆ ಜಾಗ ಬೇಕು, ಜಾಗಕ್ಕಾಗಿ ಹಳೆಯದು ಸಾಯಬೇಕು! ದುರಸ್ತಿಗೆ ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಖರೀದಿಗೆ ಸಿಗುವ ಹಣ ದುರಸ್ತಿಗೆ ಯಾಕೆ ಸಿಗುವುದಿಲ್ಲ?

ಯಾವ ಮರದ ಸಾಮಾನೂ ಬಡಿಗನೊಬ್ಬ ನೋಡಿ ‘ಇದು ಆಗದು’ ಎಂದು ಬರೆದುಕೊಡದೆ ಹರಾಜಿಗೆ ಹೋಗಬಾರದು. ಈ ನಾಲ್ಕೂ ಊರುಗಳ ಬಡಿಗರಿಗೆ, ಕಿನ್ನಾಳದ ಚಿತ್ರಗಾರರಿಗೆ ಆ ಕೆಲಸ ಕೂಲಿ ಸಮೇತ ಸಿಗಬೇಕು. ಆಗಲ್ಲವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲೂ ಇದೆ. ಎಷ್ಟು ಕುರ್ಚಿ ಬರೆದು ಹಾಕಿದಿರಿ, ಯಾವ ಮರದ್ದು, ಯಾರು ನೋಡಿದರು, ಎಷ್ಟಕ್ಕೆ ಕೊಟ್ಟಿರಿ, ಕಚೇರಿ ಕಚೇರಿಗೆ ಅರ್ಜಿ ಹಾಕಿ ಕೇಳುತ್ತೇವೆ, ಬಂದ ಉತ್ತರವನ್ನು ಸಂತೆಯಲ್ಲಿ ನಿಂತು ಓದುತ್ತೇವೆ.